ಹೊಳಿ ಬರೂಕಿಂತ ಮೊದಲ

ಕೊಯ್ನಾದಿಂದ ನೀರು ಬಿಟ್ಟರು ಅಂದ್ರೆ ನಮ್ಮ ಸತ್ತಿಯಲ್ಲಿ ಹೊಳಿ ದಂಡಿ ಮನಿಯವರು ದನಕರು ಎತ್ತರಕ್ಕೆ ಹೊಡೀತಾರ. 2019ರಲ್ಲಿ ಕೃಷ್ಣೆ ಬಂದೇ ಬಂದಳು. ಬರದ ವರ್ಷಗಳೂ ಇವೆ. ಆಗ ಯಾರೂ ಆ ಮನೆಗಳಿಗೆ ‘ಮುಳುಗಿದ ಮನಿ’ ಅಂತ ಹೆಸರಿಡೋದಿಲ್ಲ.

ನನಗೆ ಗೊತ್ತಿರುವ ಹುಡುಗನೊಬ್ಬ ಬೆಂಗಳೂರಲ್ಲಿ ಓದ್ತಾನೆ. ಹೆಸರು, ಊರು ಬೇಡ. ಯಾರೋ ಕರೆದಂಗಾಗುತ್ತೆ, ಓದಿದ್ದು ತಲೆಯಲ್ಲಿ ನಿಲ್ಲಲ್ಲ. ವೈದ್ಯರು ಸೈಕೋಸಿಸ್‌ನ ‘ಹೈ ರಿಸ್ಕ್’ ಅಂದರು. ಇಂಥವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಮೂರು ವರ್ಷದೊಳಗೆ ಕಾಯಿಲೆ ಕಾಣಿಸಿಕೊಳ್ಳುತ್ತದೆ. ಉಳಿದ ಮೂವರಿಗೆ ಇಲ್ಲ. ಗಮನ, ನೆನಪು ಚುರುಕಾಗಲು ಕಂಪ್ಯೂಟರಿನಲ್ಲಿ ಮಾಡಿಸುವ ಕಾಗ್ನಿಟಿವ್ ಟ್ರೇನಿಂಗ್ ಇದೆ. ಕೆಲವು ಅಧ್ಯಯನಗಳಲ್ಲಿ ನೆನಪು ಸುಧಾರಿಸಿದೆ. ಕಾಯಿಲೆಯನ್ನೇ ತಡೆಯುತ್ತದೆ ಅಂತ ಸಾಬೀತಾಗಿಲ್ಲ.

ಹಂಗಾದ್ರೆ, ಬರದೇ ಇರಬಹುದಾದ ರೋಗದ ಹೆಸರು ಹೇಳುವುದು ಸರಿಯೇ? ಆಫೀಸಿನಲ್ಲಿ ಸುಳ್ಳು ಅಲರ್ಟ್ ಬಂದರೆ ಒಂದು ರಾತ್ರಿ ನಿದ್ದೆ ಹೋಗುತ್ತೆ, ಟಿಕೆಟ್ ಕ್ಲೋಸ್ ಮಾಡಿ ಮಲಗ್ತೀವಿ. ಊರಲ್ಲಿ ‘ಹುಚ್ಚು’ ಅನ್ನೋ ಮಾತು ಕ್ಲೋಸ್ ಆಗಲ್ಲ; ತಂಗಿಯ ಮದುವೆ ಮಾತುಕತೆಗೂ ಬರುತ್ತೆ. 2013ರ ಡಿಎಸ್‌ಎಂ-5, ಅಮೆರಿಕದ ಮನೋವೈದ್ಯರ ಕೈಪಿಡಿ, ಈ ಸ್ಥಿತಿಯನ್ನು ರೋಗಗಳ ಪಟ್ಟಿಗೆ ಸೇರಿಸದೆ ‘ಇನ್ನೂ ಅಧ್ಯಯನ ಆಗಬೇಕು’ ಅಂತ ಬದಿಗಿಟ್ಟಿತು.

ಆದರೂ ಹೇಳಬೇಕು ಅಂತಲೇ ನನಗನಿಸುತ್ತದೆ. ಯಾಕೆ ಅಂತ ತಿಳಿಸದೆ ಟ್ರೇನಿಂಗ್‌ಗೆ ಕೂರಿಸುವುದು ಮೋಸ. ಆದರೆ ಹೇಳಬೇಕಾದ್ದು ಅವನಿಗೆ, ಊರಿಗಲ್ಲ. ಹೊಳಿ ಸುದ್ದಿ ಕೇಳಿದಷ್ಟೇ ಸಹಜವಾಗಿ ಊರು ಇದನ್ನೂ ಕೇಳೋ ತನಕ ಈ ಸುದ್ದಿ ಅವನದೇ.

ಮೊನ್ನೆ ಅವರಪ್ಪ ಫೋನ್ ಮಾಡಿದ್ದರು. “ತಮ್ಮಾ, ನಮ್ಮ ಹುಡುಗ ದಿನಾ ಕಂಪ್ಯೂಟರ್ ಮುಂದ ಕುಂತು ಏನ್ ಮಾಡ್ತಾನ?”

“ಅವನ್ನೇ ಕೇಳ್ರಿ ಕಾಕಾ,” ಅಂದೆ. “ಸಿಟ್ಟಿಗೇಳಬ್ಯಾಡ್ರಿ, ಸಮಾಧಾನದಿಂದ ಕೇಳ್ರಿ.”