ಎಂಟರಲ್ಲೊಂದು ಪಾಲು

ಸುಳ್ಯ ಪೇಟೆಗೆ ರೈಲಿಲ್ಲ. ಪಯಸ್ವಿನಿಯ ದಂಡೆಯ ಈ ಊರಿನವರು ರೈಲು ಕಾಣಬೇಕಾದರೆ ಪುತ್ತೂರಿಗೋ, ಎಡಮಂಗಲಕ್ಕೋ, ನೆಟ್ಟಣದಲ್ಲಿರುವ ಸುಬ್ರಹ್ಮಣ್ಯ ರೋಡ್ ನಿಲ್ದಾಣಕ್ಕೋ ಹೋಗಬೇಕು. ಕಾಞಂಗಾಡಿನಿಂದ ಪಾಣತ್ತೂರು, ಸುಳ್ಯಗಳ ಮೇಲೆ ಕಾಣಿಯೂರಿಗೆ ಹಳಿ ಹಾಕಬೇಕೆಂಬ ಬೇಡಿಕೆ ಹಳೆಯದು. ಸರ್ವೆಯಾಗಿದೆ, ಮನವಿಗಳು ಹೋಗಿವೆ, ಹಳಿ ಮಾತ್ರ ಬಂದಿಲ್ಲ. ಇಂಥ ಊರಿನಲ್ಲಿ ಒಬ್ಬ ಗೃಹಸ್ಥರು, ಅಡಿಕೆ ತೋಟದ ವ್ಯವಹಾರವನ್ನು ಮಗನಿಗೆ ಒಪ್ಪಿಸಿ, ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಒಂದು ಲೇಥು ಇಟ್ಟುಕೊಂಡು, ನಿಜವಾಗಿ ಕಲ್ಲಿದ್ದಲು ಉರಿಸಿ ನಿಜವಾಗಿ ಓಡುವ ಉಗಿ ಎಂಜಿನೊಂದನ್ನು ಕಟ್ಟಲು ಕುಳಿತರೆಂದು ಕಲ್ಪಿಸಿಕೊಳ್ಳೋಣ. ಅವರು ಮಾಡುತ್ತಿರುವುದು ಸರಿಯೆ?

ಪ್ರಶ್ನೆ ನಗುವಂಥದಲ್ಲ. ಇಂಥ ಕೆಲಸಕ್ಕೆ ಹತ್ತು ವರ್ಷ ಹಿಡಿದದ್ದುಂಟು. ಮನುಷ್ಯನ ದುಡಿಯುವ ಆಯುಷ್ಯದಲ್ಲಿ ಹತ್ತು ವರ್ಷವೆಂದರೆ ಕಾಲು ಪಾಲು.

ಅವರ ಲೆಕ್ಕವನ್ನು ಮೊದಲು ನೋಡಬೇಕು. ಮೀಟರ್ ಗೇಜಿನ ಹಳಿಗಳ ನಡುವಣ ಅಂತರ ೧೦೦೦ ಮಿಲಿಮೀಟರು. ಎಂಟರಿಂದ ಭಾಗಿಸಿದರೆ ೧೨೫. ಇಂಗ್ಲೆಂಡಿನ ಹವ್ಯಾಸಿಗಳು ತಮ್ಮ ತೋಟಗಳಲ್ಲಿ ಹಾಕಿಕೊಳ್ಳುವ ಐದು ಇಂಚಿನ ಹಳಿ ೧೨೭ ಮಿಲಿಮೀಟರಿನದು. ಈ ಎರಡು ಮಿಲಿಮೀಟರನ್ನು ಹೊಟ್ಟೆಗೆ ಹಾಕಿಕೊಂಡರೆ ನಮ್ಮ ಮೀಟರ್ ಗೇಜಿನ ಎಂಜಿನು ಎಂಟರಲ್ಲೊಂದು ಪಾಲಾಗಿ ಆ ಹಳಿಯ ಮೇಲೆ ಕುಳಿತುಬಿಡುತ್ತದೆ. ೧೯೪೯ರಿಂದ ನಮ್ಮಲ್ಲಿ ಓಡಿದ, ಎಂಟುನೂರಕ್ಕೂ ಹೆಚ್ಚು ತಯಾರಾದ ವೈ.ಪಿ. ವರ್ಗದ ಎಂಜಿನ್ನನ್ನು ಅವರು ಆರಿಸಿಕೊಂಡರೆನ್ನಿ. ಅದರ ದೊಡ್ಡ ಗಾಲಿ ನಾಲ್ಕೂವರೆ ಅಡಿ ಎತ್ತರ. ಇಲ್ಲಿ ಆರೂ ಮುಕ್ಕಾಲು ಇಂಚು. ಟೆಂಡರು ಸೇರಿ ಇಡೀ ಎಂಜಿನು ಮನೆಯ ಜಗಲಿಯಲ್ಲಿ ಒಬ್ಬ ಆಳು ಕಾಲು ಚಾಚಿ ಮಲಗಿದ್ದಕ್ಕಿಂತ ತುಸು ಉದ್ದ. ಅಳತೆ ತೆಗೆದುಕೊಳ್ಳಲು ಮೈಸೂರಿನ ರೈಲು ವಸ್ತುಸಂಗ್ರಹಾಲಯಕ್ಕೆ ಹೋಗಬಹುದು. ೧೯೭೯ರಲ್ಲಿ ಅದು ತೆರೆಯಿತು. ಅದೇ ವರ್ಷ ಹಾಸನದಿಂದ ಮಂಗಳೂರಿಗೆ ಘಟ್ಟವಿಳಿದು ಮೀಟರ್ ಗೇಜಿನ ದಾರಿಯೂ ತೆರೆಯಿತು. ಚಿತ್ತರಂಜನದ ಕಾರ್ಖಾನೆ ತನ್ನ ಕೊನೆಯ ಉಗಿ ಎಂಜಿನ್ನನ್ನು ಮಾಡಿ ಮುಗಿಸಿ ಆಗಲೇ ಏಳು ವರ್ಷವಾಗಿತ್ತು. ದಾರಿ ಬರುವ ಹೊತ್ತಿಗೆ ಉಗಿಯ ಕಾಲ ಹೊರಟು ನಿಂತಿತ್ತು.

ಬುಡದಿಂದ ಕಟ್ಟುವುದು ಎಂದರೆ ಅಂಗಡಿಯಿಂದ ಬಿಡಿಭಾಗಗಳ ಪೆಟ್ಟಿಗೆ ತಂದು ಜೋಡಿಸುವುದಲ್ಲ. ಮರದಲ್ಲಿ ಅಚ್ಚು ಕೆತ್ತಿ ಗಾಲಿಗಳನ್ನು ಎರಕ ಹೊಯ್ಯಿಸಬೇಕು. ತಾಮ್ರದ ತಗಡನ್ನು ಕಾಯಿಸಿ, ತಣಿಸಿ, ಮರದ ಸುತ್ತಿಗೆಯಿಂದ ಬಡಿದು ಬಾಯ್ಲರಿಗೆ ಆಕಾರ ಕೊಡಬೇಕು. ಬೆಳ್ಳಿ ಬೆರೆತ ಬೆಸುಗೆಯಿಂದ ಕೂಡಿಸಬೇಕು. ಆದರೆ ಬುಡ ಯಾವುದು? ತಾಮ್ರದ ತಗಡನ್ನು ಅವರು ಕೊಂಡು ತಂದದ್ದು. ಒತ್ತಡದ ಗೇಜನ್ನೂ ಕೊಂಡದ್ದೇ ಇರಬೇಕು. ಲೇಥನ್ನಂತೂ ಯಾರೋ ಮಾಡಿ ಕೊಟ್ಟದ್ದು. ತಾನೇ ಎಲ್ಲವನ್ನೂ ಮಾಡಿದೆನೆನ್ನುವವನು ಎಲ್ಲಿಯೋ ಒಂದು ಕಡೆ ಗೆರೆ ಎಳೆದು ಅದರ ಕೆಳಗಿರುವುದನ್ನು ಮರೆತಿರುತ್ತಾನೆ. ಸ್ವಂತ ಕಾಲಿನ ಮೇಲೆ ನಿಂತೆನೆಂದು ಹೇಳಿಕೊಳ್ಳುವ ನಮ್ಮ ಪೇಟೆಯ ದೊಡ್ಡ ಮನುಷ್ಯರಿಗೂ ಈ ಮಾತು ಸಲ್ಲುತ್ತದೆ. ಅದು ಬೇರೆ ವಿಷಯ.

ಮನೆಯವರ ಆಕ್ಷೇಪ ಏನಿದ್ದೀತೆಂದು ಊಹಿಸಲು ಕಷ್ಟವಿಲ್ಲ. ‘ಇದರಿಂದ ಏನು ಪ್ರಯೋಜನ?’ ಇದಕ್ಕೆ ಹವ್ಯಾಸಿಗಳು ಕೊಡುವ ಉತ್ತರಗಳು ನನಗೆ ಒಪ್ಪಿಗೆಯಾಗುವುದಿಲ್ಲ. ಮಕ್ಕಳಿಗೆ ವಿಜ್ಞಾನ ತಿಳಿಯುತ್ತದೆ, ಮನಸ್ಸಿಗೆ ಶಾಂತಿ ಸಿಗುತ್ತದೆ, ಮುಪ್ಪಿನಲ್ಲಿ ಕೈ ನಡುಗುವುದಿಲ್ಲ ಎನ್ನುತ್ತಾರೆ. ಇವೆಲ್ಲ ಪ್ರಯೋಜನವಿಲ್ಲದ್ದಕ್ಕೆ ಪ್ರಯೋಜನದ ಅಂಗಿ ತೊಡಿಸುವ ಮಾತುಗಳು. ಶಾಂತಿ ಬೇಕಾದವರು ಇಷ್ಟೊಂದು ಸುತ್ತಿಗೆ ಪೆಟ್ಟು ಹಾಕುವ ಅಗತ್ಯವಿಲ್ಲ. ಆತ ಎಂಜಿನ್ನನ್ನು ಕಟ್ಟುವುದು ಎಂಜಿನ್ನಿಗಾಗಿಯೇ. ಅದನ್ನು ನೇರವಾಗಿ ಒಪ್ಪಿಕೊಂಡ ಮೇಲೆಯೇ ಅದರ ನ್ಯಾಯಾನ್ಯಾಯದ ಮಾತು.

ಪ್ಲೇಟೋ ಇಂಥವರಿಗೆ ದೊಡ್ಡ ಗೌರವ ಕೊಡುತ್ತಿದ್ದನೆಂದು ತೋರುವುದಿಲ್ಲ. ಮಂಚದ ತತ್ತ್ವ ಒಂದು, ಬಡಗಿ ಮಾಡಿದ ಮಂಚ ಇನ್ನೊಂದು, ಚಿತ್ರಕಾರ ಬರೆದ ಮಂಚ ಮತ್ತೊಂದು. ಚಿತ್ರದ ಮಂಚ ಸತ್ಯಕ್ಕೆ ಮೂರು ಮಾರು ದೂರ ಎಂಬುದು ಅವನ ವಾದ. ಕಿರಿಯ ಎಂಜಿನು ಈ ಸಾಲಿನಲ್ಲಿ ಎಲ್ಲಿ ನಿಲ್ಲುತ್ತದೆ? ಗಾಜಿನ ಕಪಾಟಿನಲ್ಲಿಡುವ ಬೊಂಬೆ ಎಂಜಿನು ಚಿತ್ರದ ಜಾತಿಗೆ ಸೇರಿತು, ಸರಿ. ಆದರೆ ಒಲೆಯಲ್ಲಿ ಬೆಂಕಿ ಹಾಕಿದರೆ ಉಗಿ ಎದ್ದು ಜನರನ್ನು ಎಳೆದುಕೊಂಡು ಹೋಗುವ ವಸ್ತು? ಮಲಗಲು ಬರುವ ಮಂಚ ಎಷ್ಟು ಚಿಕ್ಕದಾದರೂ ಮಂಚವೇ.

ಇಲ್ಲಿಯೇ ಒಂದು ತೊಡಕು ಇದೆ. ನನ್ನ ಮಟ್ಟಿಗೆ ಈ ಇಡೀ ವಿಚಾರದ ತಿರುಳು ಅದೇ. ಉದ್ದವನ್ನು ಎಂಟರಲ್ಲೊಂದು ಪಾಲು ಮಾಡಿದರೆ ಮೈಯ ವಿಸ್ತಾರ ಎಂಟೆಂಟ್ಲ ಅರುವತ್ತನಾಲ್ಕರಲ್ಲೊಂದು ಪಾಲಾಗುತ್ತದೆ. ತೂಕವೂ ಒಳಗಿನ ಜಾಗವೂ ೫೧೨ರಲ್ಲಿ ಒಂದು ಪಾಲಾಗುತ್ತವೆ. ನೂರು ಟನ್ನಿನ ಎಂಜಿನು ಇನ್ನೂರು ಕಿಲೋಗಿಂತ ಕಡಮೆಯಾಯಿತು. ಆದರೆ ನೀರು, ಬೆಂಕಿ, ಉಗಿ ನಮ್ಮ ಭಾಗಾಕಾರವನ್ನು ಕೇಳುವುದಿಲ್ಲ. ಎರಡಿಂಚಿನ ಹೊಗೆಕೊಳವೆಯನ್ನು ಲೆಕ್ಕಕ್ಕೆ ಸರಿಯಾಗಿ ಕಾಲಿಂಚು ಮಾಡಿದರೆ ಅದು ಮಸಿಯಿಂದ ಕಟ್ಟಿಕೊಳ್ಳುತ್ತದೆ, ಗಾಳಿ ಎಳೆಯುವುದಿಲ್ಲ. ನೀರಿನ ಮಟ್ಟ ತೋರಿಸುವ ಗಾಜಿನ ನಳಿಗೆಯನ್ನು ಅದೇ ಪ್ರಮಾಣದಲ್ಲಿ ಸಣ್ಣದು ಮಾಡಿದರೆ ನೀರು ಗಾಜಿಗೆ ಅಂಟಿ ಇಲ್ಲದ ಮಟ್ಟವನ್ನು ತೋರಿಸುತ್ತದೆ. ಎಲ್ಲ ಅಳತೆಯಲ್ಲೂ ನಿಷ್ಠೆಯಿಂದ ನಕಲು ಮಾಡಿದ ಎಂಜಿನು ಓಡುವುದೇ ಇಲ್ಲ. ಓಡಬೇಕಾದರೆ ಕೊಳವೆಗಳು ಕಡಮೆಯಾಗಬೇಕು, ದಪ್ಪವಾಗಬೇಕು. ಒಳಗೆಲ್ಲ ಬೇರೆ ಲೆಕ್ಕ ಹಾಕಬೇಕು.

ಇದು ಹೊಸ ಮಾತಲ್ಲ. ಗೆಲಿಲಿಯೋ ೧೬೩೮ರಲ್ಲಿ ಪ್ರಕಟಿಸಿದ ಎರಡು ಹೊಸ ವಿಜ್ಞಾನಗಳ ಗ್ರಂಥದ ಆರಂಭವೇ ಇದು: ವೆನಿಸಿನ ಹಡಗುಕಟ್ಟೆಯ ಕೆಲಸಗಾರರು ದೊಡ್ಡದನ್ನು ಚಿಕ್ಕದರ ಪ್ರಮಾಣದಲ್ಲಿ ಕಟ್ಟಿದರೆ ನಿಲ್ಲದೆಂದು ಬಲ್ಲರು. ಇನ್ನೂ ಸೊಗಸಾದ ಉದಾಹರಣೆ ಜೇಮ್ಸ್ ವಾಟ್ಟನದು. ಗ್ಲಾಸ್ಗೊ ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳಲು ಇಟ್ಟಿದ್ದ ನ್ಯೂಕಾಮೆನ್ ಎಂಜಿನಿನ ಸಣ್ಣ ಮಾದರಿಯೊಂದು ಕೆಟ್ಟಿತ್ತು. ೧೭೬೩–೬೪ರ ಚಳಿಗಾಲದಲ್ಲಿ ಅದು ರಿಪೇರಿಗೆ ಅವನ ಕೈಗೆ ಬಂತು. ಸರಿಮಾಡಿದ ಮೇಲೂ ನಾಲ್ಕಾರು ಸಲ ಆಡಿ ನಿಂತುಬಿಡುತ್ತಿತ್ತು. ಬಾಯ್ಲರು ಚಿಕ್ಕದೇನೂ ಇರಲಿಲ್ಲ. ಸಿಲಿಂಡರಿನ ವ್ಯಾಸ ಎರಡೇ ಇಂಚು. ಒಳಗಿನ ಜಾಗಕ್ಕೆ ಹೋಲಿಸಿದರೆ ಗೋಡೆ ಹೆಚ್ಚು. ಬಂದ ಉಗಿಯೆಲ್ಲ ಗೋಡೆಗೆ ತಾಕಿ ನೀರಾಗುತ್ತಿತ್ತು. ದೊಡ್ಡ ಎಂಜಿನಿನಲ್ಲೂ ಇದೇ ದಂಡ ನಡೆಯುತ್ತಿತ್ತು, ಆದರೆ ಗಣಿಯ ಪಕ್ಕದಲ್ಲಿ ಕಲ್ಲಿದ್ದಲು ಅಗ್ಗವಾದದ್ದರಿಂದ ಯಾರಿಗೂ ನೋಯಲಿಲ್ಲ. ಮಾದರಿ ಚಿಕ್ಕದಾದದ್ದರಿಂದ ದೋಷ ದೊಡ್ಡದಾಗಿ ಕಂಡಿತು. ೧೭೬೫ರಲ್ಲಿ ಅವನಿಗೆ ಹೊಳೆದ ಪ್ರತ್ಯೇಕ ಕಂಡೆನ್ಸರಿನ ಯೋಚನೆಗೆ ಇದೇ ಮೂಲ. ನಕಲು ತನ್ನ ಅಸಲಿಗೆ ಬುದ್ಧಿ ಹೇಳಿದ ಪ್ರಸಂಗವಿದು.

ಹಾಗಾದರೆ ನಿಷ್ಠೆ ಯಾವುದಕ್ಕೆ? ರೂಪಕ್ಕೋ, ನಡೆಗೋ? ಎರಡನ್ನೂ ಒಟ್ಟಿಗೆ ಪೂರ್ತಿಯಾಗಿ ಉಳಿಸಿಕೊಳ್ಳಲು ಆಗುವುದಿಲ್ಲವೆಂದು ಎಂಜಿನು ಕಟ್ಟುವವನಿಗೆ ಮೊದಲ ವರ್ಷವೇ ಗೊತ್ತಾಗುತ್ತದೆ. ನಮಗೆ ಅದು ಗೊತ್ತಾಗಲು ಹೆಚ್ಚು ಕಾಲ ಬೇಕು. ಹಿರಿಯರೊಬ್ಬರ ಬದುಕನ್ನು ಮೆಚ್ಚಿ ಅದನ್ನು ನಮ್ಮ ಅಳತೆಗೆ ಇಳಿಸಿಕೊಳ್ಳಲು ಹೊರಡುತ್ತೇವೆ: ಅವರ ಉಡುಪು, ಅವರ ಊಟ, ಅವರು ಬೆಳಗ್ಗೆ ಏಳುತ್ತಿದ್ದ ಹೊತ್ತು, ಅವರ ಗದರಿಕೆ ಕೂಡ. ಎಲ್ಲ ರಿವೆಟ್ಟುಗಳೂ ಸರಿಯಾಗಿವೆ, ಉಗಿ ಏಳುವುದಿಲ್ಲ. ಇದಕ್ಕೆ ವಿರುದ್ಧವಾದ ದೋಷವೂ ಇದೆ. ‘ಒಳಗಿನ ತತ್ತ್ವ ಮುಖ್ಯ, ಹೊರಗಿನದೆಲ್ಲ ಬರಿಯ ತೋರಿಕೆ’ ಎಂದು ಹೇಳಿ ಯಾವ ಕಷ್ಟದ ನಿಯಮವನ್ನೂ ಇಟ್ಟುಕೊಳ್ಳದವರು. ಕೊಟ್ಟಿಗೆಯಲ್ಲಿ ಇವರ ಆಟ ನಡೆಯುವುದಿಲ್ಲ. ಕೊಳವೆಯ ಅಳತೆಯನ್ನು ಎಲ್ಲಿ ಬದಲಿಸಿದೆ, ಏಕೆ ಬದಲಿಸಿದೆ ಎಂಬುದಕ್ಕೆ ಅಲ್ಲಿ ಪ್ರತಿ ಸಲವೂ ಕಾರಣ ಬೇಕು. ಕಾರಣ ಸುಳ್ಳಾದರೆ ಒತ್ತಡದ ಮುಳ್ಳು ಮೇಲೇರುವುದಿಲ್ಲ.

ಈ ವಿಚಾರದಲ್ಲಿ ಇಂಗ್ಲೆಂಡಿನಲ್ಲಿ ಒಂದು ಜಗಳವೇ ನಡೆಯಿತು. ೧೯೨೦ರ ದಶಕದಲ್ಲಿ ಸಣ್ಣ ಎಂಜಿನು ಮಾರುವ ದೊಡ್ಡ ವ್ಯಾಪಾರಿಗಳ ಪಂಗಡವೊಂದಿತ್ತು. ಅಷ್ಟು ಕಿರಿದಾದ ಎಂಜಿನಿಗೆ ಕಲ್ಲಿದ್ದಲಿನ ಬೆಂಕಿ ಒಗ್ಗದೆಂಬುದು ಅವರ ಕಡೆಯ ಮತ. ಎಲ್‌ಬಿಎಸ್‌ಸಿ ಎಂದು ತನ್ನನ್ನು ಕರೆದುಕೊಂಡ ಒಬ್ಬ ಲೇಖಕ, ಅದು ಒಂದು ರೈಲ್ವೆ ಕಂಪನಿಯ ಹೆಸರಿನ ಮೊದಲಕ್ಷರಗಳು, ಎರಡೂವರೆ ಇಂಚಿನ ಹಳಿಯ ಮೇಲೆ ‘ಆಯೇಷಾ’ ಎಂಬ ತನ್ನ ಎಂಜಿನಿಗೆ ಕಲ್ಲಿದ್ದಲು ಹಾಕಿ ಮನುಷ್ಯರನ್ನು ಎಳೆಸಿ ತೋರಿಸಿದ. ಬಳಿಕ ದಶಕಗಳ ಕಾಲ ಒಂದು ವಾರಪತ್ರಿಕೆಯಲ್ಲಿ, ಸಾಮಾನ್ಯ ಸಂಬಳದವರೂ ಸಾಧಾರಣ ಸಲಕರಣೆಯಿಂದ ಕಟ್ಟಬಹುದಾದ ಎಂಜಿನುಗಳನ್ನು, ಯಾವ ಅರ ಹಿಡಿಯಬೇಕು, ಎಷ್ಟು ತಿಕ್ಕಬೇಕು ಎಂಬಲ್ಲಿಯವರೆಗೆ, ಎದುರಿಗೆ ಕುಳಿತು ಹೇಳುವ ಹಾಗೆ ಬರೆದ. ಕೈಕೆಲಸವನ್ನು ಕುರಿತು ಆಡುಮಾತಿನಲ್ಲಿ ಹೀಗೆ ಬರೆದ ಬರಹ ನಮ್ಮಲ್ಲಿ ವಿರಳ. ನಮ್ಮ ಬಲ್ಲವರು ಬರೆಯುವುದಿಲ್ಲ, ಬರೆಯುವವರಿಗೆ ಅರ ಹಿಡಿದು ಗೊತ್ತಿಲ್ಲ.

ಈ ಕೊರತೆಯ ಹಿಂದೆ ಇರುವುದು ಇನ್ನೊಂದು ಮಾತು. ಅದನ್ನು ಹೇಳದೆ ಬಿಟ್ಟರೆ ಈ ಬರಹ ಬರಿಯ ಚೌಕಾಶಿಯಾದೀತು. ಸುಳ್ಯ, ಪುತ್ತೂರು, ಕಡಬದ ಪೇಟೆಗಳಲ್ಲಿ ಲೇಥಿನ ಅಂಗಡಿಗಳಿವೆ. ಅಡಿಕೆಗೆ ಮದ್ದು ಬಿಡುವ ಪಂಪು ಕೆಟ್ಟರೆ, ಜೀಪಿನ ಅಚ್ಚು ಮುರಿದರೆ, ಅಲ್ಲಿಗೆ ಓಡುತ್ತೇವೆ. ಕೂದಲೆಳೆಯ ಅಳತೆಯನ್ನು ಬೆರಳಿನಿಂದಲೇ ತಿಳಿಯುವವರು ಅಲ್ಲಿದ್ದಾರೆ. ಅವರನ್ನು ನಾವು ಏಕವಚನದಲ್ಲಿ ಕರೆಯುತ್ತೇವೆ. ‘ಸಂಜೆಯೊಳಗೆ ಕೊಡಬೇಕು’ ಎಂದು ಆಜ್ಞೆ ಮಾಡುತ್ತೇವೆ. ಅದೇ ಕೆಲಸವನ್ನು ನಮ್ಮ ಗೃಹಸ್ಥರು ಕೊಟ್ಟಿಗೆಯಲ್ಲಿ ಮಾಡಿದರೆ ‘ಎಂಥ ಅಪೂರ್ವ ಹವ್ಯಾಸ!’ ಎನ್ನುತ್ತೇವೆ, ಪತ್ರಿಕೆಯಲ್ಲಿ ಭಾವಚಿತ್ರ ಹಾಕಿಸುತ್ತೇವೆ. ಹೊಟ್ಟೆಗಾಗಿ ಮಾಡಿದರೆ ಕಸುಬು, ಹೊಟ್ಟೆ ತುಂಬಿದ ಮೇಲೆ ಮಾಡಿದರೆ ಕಲೆ! ಈ ಭೇದಕ್ಕೆ ಕಬ್ಬಿಣದಲ್ಲಂತೂ ಆಧಾರವಿಲ್ಲ.

ಮಾದರಿಯಲ್ಲಿ ಇನ್ನೊಂದು ಬಗೆಯ ಸುಳ್ಳೂ ಸೇರಿಕೊಳ್ಳಬಹುದು. ಹಸಿರು, ಕಪ್ಪು ಬಣ್ಣ ಬಳಿದು ಹಿತ್ತಾಳೆ ಮಿನುಗಿಸಿದ ಎಂಜಿನ್ನನ್ನು ನೋಡುವವನಿಗೆ ಕಾಣುವುದು ಹಿಂದಿನ ಕಾಲದ ಸೊಬಗು. ಆ ಕಾಲದ ಫೈರ್‌ಮನ್ನನ ಸುಟ್ಟ ಮೊಣಕೈ, ಬೇಸಗೆಯ ಮಧ್ಯಾಹ್ನ ಒಲೆಯ ಬಾಯಿಗೆ ಮುಖ ಕೊಟ್ಟು ಸಲಿಕೆ ಎತ್ತಿದ ಬೆನ್ನು, ಬಾಯ್ಲರಿನ ಒಳಗೆ ತೆವಳಿ ಗಸಿ ಕೆರೆದ ಹುಡುಗ, ಇವರು ಯಾವ ಪ್ರಮಾಣದಲ್ಲೂ ಕಾಣುವುದಿಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡಿನವರೆಗೆ ಐವತ್ತಡಿಗೆ ಒಂದಡಿ ಇಳಿಜಾರಿನ ಆ ದಾರಿಯಲ್ಲಿ ೫೭ ಸುರಂಗಗಳಿವೆ; ೧೯೯೬ರಲ್ಲಿ ಮೀಟರ್ ಗೇಜು ನಿಂತು ೨೦೦೭ರಲ್ಲಿ ಬ್ರಾಡ್‌ಗೇಜಿನ ಮೇಲೆ ಪ್ರಯಾಣಿಕರ ರೈಲು ಓಡುವವರೆಗೆ ಅಲ್ಲಿ ಮತ್ತೊಮ್ಮೆ ಕಲ್ಲು ಒಡೆದವರಿದ್ದರು. ಕಿಟಕಿಯ ಪಕ್ಕ ಕುಳಿತು ಜಲಪಾತ ಎಣಿಸುವ ನಮಗೆ ಸುರಂಗವೆಂದರೆ ಮಕ್ಕಳು ಕಿರುಚುವ ಕತ್ತಲೆ ಅಷ್ಟೆ. ಓಡುವ ಎಂಜಿನು ಕಟ್ಟುವವನ ಪರವಾಗಿ ಇಷ್ಟನ್ನು ಹೇಳಬಹುದು: ಬೆಂಕಿ ಹಿಡಿಸಲು ಒದ್ದಾಡುವುದು, ಬೂದಿ ಬಳಿಯುವುದು, ಕೈ ಸುಟ್ಟುಕೊಳ್ಳುವುದು ಅವನಿಗೆ ತಪ್ಪಿದ್ದಲ್ಲ. ಶ್ರಮದಲ್ಲಿಯೂ ಎಂಟರಲ್ಲೊಂದು ಪಾಲು ಅವನಿಗೆ ಬಂತು.

ಯಾರೂ ನೋಡದ ಭಾಗದ ಮಾತು ಉಳಿಯಿತು. ಚೌಕಟ್ಟಿನ ಒಳಮೈಯ ರಿವೆಟ್ಟು ಓರೆಯಾದರೆ ಯಾರಿಗೆ ತಿಳಿಯುತ್ತದೆ? ಅಂಥದನ್ನು ತಿದ್ದಲು ಒಂದು ವಾರ ಕಳೆದರೆ ಅದು ನಿಷ್ಠೆಯೋ ಗೀಳೋ ಎಂದು ಕೇಳಬಹುದು. ಮನೆಯಲ್ಲಿ ಕಾಯಿಲೆಯ ಹೆಂಡತಿ ಮದ್ದಿಗಾಗಿ ಕಾದಿರುವಾಗ ತಿದ್ದಿದರೆ ಗೀಳು ಎಂದೇ ಹೇಳುತ್ತೇನೆ. ರಿವೆಟ್ಟಿಗೆ ಸತ್ಯವಂತನಾಗಿ ಮನುಷ್ಯರಿಗೆ ಸಾಲಗಾರನಾಗುವುದು ದೊಡ್ಡತನವಲ್ಲ. ಆದರೆ ಬಾಯ್ಲರಿನ ಒಳಗಿನ ಬೆಸುಗೆಯ ಮಾತು ಬೇರೆ. ಅಲ್ಲಿ ಚದರಿಂಚಿಗೆ ೮೦–೧೦೦ ಪೌಂಡಿನ ಉಗಿ ಕಾದು ಕುಳಿತಿರುತ್ತದೆ. ಬೆಸುಗೆ ಬಿಟ್ಟರೆ ಅದರ ಹಿಂದೆ ಕುಳಿತ ಮಗುವಿನ ಮುಖಕ್ಕೆ ಬರುತ್ತದೆ. ಆದ್ದರಿಂದ ಬೆಂಕಿ ಹಾಕುವ ಮೊದಲು ಬಾಯ್ಲರಿನ ತುಂಬ ತಣ್ಣೀರು ತುಂಬಿ, ಮುಂದೆ ಅದು ಹೊರಬೇಕಾದ ಒತ್ತಡದ ಎರಡರಷ್ಟನ್ನು ಪಂಪಿನಿಂದ ಏರಿಸಿ ಪರೀಕ್ಷಿಸುವ ಪದ್ಧತಿಯಿದೆ. ನೀರು ಹಿಗ್ಗುವುದಿಲ್ಲ, ಒಡೆದರೂ ಜಿನುಗುತ್ತದೆ, ಸಿಡಿಯುವುದಿಲ್ಲ. ಪರೀಕ್ಷೆಯನ್ನು ಕಟ್ಟಿದವನೇ ಒಬ್ಬನೇ ಮಾಡಿ ಮುಗಿಸಕೂಡದು, ಬೇರೆಯವರೂ ನೋಡಬೇಕು ಎಂಬುದು ಈ ಪದ್ಧತಿಯಲ್ಲಿ ನಾನು ಬಹಳ ಮೆಚ್ಚುವ ಅಂಶ. ಹತ್ತು ವರ್ಷ ಪ್ರೀತಿಸಿದ ವಸ್ತುವನ್ನು ಪರರ ಕಣ್ಣಿಗೆ ಒಡ್ಡುವುದು ಸುಲಭವಲ್ಲ.

ನಮ್ಮ ಕಡೆ ಗಾಲಿಗಳ ಮೇಲಿನ ದೊಡ್ಡ ಕೆಲಸವೆಂದರೆ ರಥ. ೨೦೧೯ರಲ್ಲಿ ಕೋಟೇಶ್ವರದಲ್ಲಿ ತಯಾರಾದ ಹೊಸ ಬ್ರಹ್ಮರಥ ಕುಕ್ಕೆ ಸುಬ್ರಹ್ಮಣ್ಯಕ್ಕೆ ಬಂತು. ರಥವೂ ಒಂದು ಬಗೆಯಲ್ಲಿ ದೇವಾಲಯದ ಕಿರಿಯ ಮಾದರಿಯೇ. ಆದರೆ ಚಂಪಾ ಷಷ್ಠಿಯಂದು ಹಗ್ಗ ಹಿಡಿದವರಲ್ಲಿ ಯಾರೂ ಅದನ್ನು ನಕಲು ಎನ್ನಲಾರರು. ದೇವರು ಕುಳಿತ ಮೇಲೆ ಅಳತೆಯ ಪ್ರಶ್ನೆ ಏಳುವುದಿಲ್ಲ. ಎಂಜಿನಿನಲ್ಲಿ ದೇವರಿಲ್ಲ, ಉಗಿ ಇದೆ. ಅದು ಬಂದು ಕುಳಿತ ದಿನ ಅಲ್ಲಿಯೂ ಅಳತೆಯ ಪ್ರಶ್ನೆ ಸ್ವಲ್ಪ ಹಿಂದಕ್ಕೆ ಸರಿಯುತ್ತದೆ.

ಇನ್ನು ಹಳಿ. ಸುಳ್ಯದಲ್ಲಿ ಸಮತಟ್ಟು ನೆಲ ಸಿಗುವುದೇ ಅಪರೂಪ. ಗುಡ್ಡ ಕಡಿದು ಅಡಿಕೆ ತೋಟದ ಅಂಚಿನಲ್ಲಿ ಒಂದು ಸುತ್ತು ಹಾಕಬೇಕಾದೀತು. ಮಳೆಗಾಲದ ನಾಲ್ಕು ತಿಂಗಳು ಎಂಜಿನಿಗೆ ಎಣ್ಣೆ ಸವರಿ ಮುಚ್ಚಿಡಬೇಕಾದೀತು. ಮೊದಲ ಸಲ ಉಗಿ ಏರಿದಾಗ ಹಿಂದಿನ ಗಾಡಿಯಲ್ಲಿ ಯಾರನ್ನು ಕೂರಿಸಬೇಕು ಎಂದು ಆ ಗೃಹಸ್ಥರು ಕೇಳಿದರೆ, ಪೇಟೆಯ ಲೇಥಿನವರನ್ನು ಮನೆಗೆ ಹೋಗಿ ಕರೆಯಿರಿ, ‘ಬನ್ನಿ, ಕುಳಿತುಕೊಳ್ಳಿ’ ಎನ್ನಿ ಎಂದು ಹೇಳುತ್ತೇನೆ.