ಮೂಡುಗಾಳಿ, ಪಡುಗಾಳಿ

ಜನವರಿಯಲ್ಲಿ ದೇಶದ ಗರಿಷ್ಠ ಉಷ್ಣಾಂಶ ಹುಡುಕಲು ರಾಜಸ್ಥಾನದ ಕಡೆ ನೋಡಬೇಡಿ. ಎಷ್ಟೋ ದಿನ ಅದು ಹೊನ್ನಾವರದಲ್ಲೋ ಕಾರವಾರದಲ್ಲೋ ಇರುತ್ತದೆ. ಮನೆಯೆದುರೇ ಕಡಲು, ಆದರೂ ಬೇಗೆ.

*

ಈ ಬೇಗೆ ಬಿಸಿಲಿನದಷ್ಟೇ ಅಲ್ಲ, ಇಳಿಜಾರಿನದೂ ಹೌದು. ಒಣಗಾಳಿ ಸಾವಿರ ಮೀಟರ್ ಕೆಳಗಿಳಿದರೆ ಒತ್ತಡಕ್ಕೆ ಸಿಕ್ಕಿ ಸುಮಾರು 10 ಡಿಗ್ರಿ ಬಿಸಿಯಾಗುತ್ತದೆ. ಘಟ್ಟದ ಮೇಲೆ ಹಿತವಾಗಿದ್ದ ಗಾಳಿ, ಕೆಳಗೆ ಬರುವಷ್ಟರಲ್ಲಿ ಬಿಸಿ.

*

ರಾತ್ರಿ ನೆಲ ಬೇಗ ತಣಿಯುತ್ತದೆ, ಕಡಲಿಗೆ ಆ ಅವಸರವಿಲ್ಲ. ಆಗ ಗಾಳಿ ನೆಲದಿಂದ ಕಡಲಿಗೆ. ಬಯಲಾಟ ನೋಡುವವರು ನಸುಕಿಗೆ ಶಾಲು ಎಳೆದುಕೊಳ್ಳುವುದು ಇದಕ್ಕೇ. ಹಾಯಿದೋಣಿಯ ಕಾಲದವರು ಇದೇ ಮೂಡುಗಾಳಿಯಲ್ಲಿ ಹೊರಟು, ಮಧ್ಯಾಹ್ನದ ಪಡುಗಾಳಿಯಲ್ಲಿ ಮರಳುತ್ತಿದ್ದರು. ಹೋಗಿಬರುವ ಖರ್ಚು ಸೂರ್ಯನದು.

*

ಬೆಳಗ್ಗೆ ಸುಡುಮಣ್ಣಿನ ಹೊಗೆ ಕಡಲ ಕಡೆ ವಾಲಿರುತ್ತದೆ. ಮಧ್ಯಾಹ್ನ ಒಂದು ಗಳಿಗೆ ನೆಟ್ಟಗೆ ನಿಲ್ಲುತ್ತದೆ. ಆಮೇಲೆ ಘಟ್ಟದ ಕಡೆ. ಅಂದರೆ ಎರಡು ಗಾಳಿಗಳ ನಡುವಿನ ಗಡಿ ನಮ್ಮ ತೋಟ ದಾಟಿತು.

*

ಕಡಲಗಾಳಿ ತಂಪು, ಹಾಗಾಗಿ ಭಾರ. ಬಾಗಿಲ ಸಂದಿಯಲ್ಲಿ ನೀರು ನುಗ್ಗಿದ ಹಾಗೆ ಬಿಸಿಗಾಳಿಯ ಬುಡಕ್ಕೆ ನುಸುಳಿ ಅದನ್ನು ಮೇಲಕ್ಕೆತ್ತುತ್ತದೆ. ಆ ಗೆರೆಯ ಮೇಲೆ ಗರುಡ, ಹದ್ದುಗಳು ರೆಕ್ಕೆ ಬಡಿಯದೆ ಸುತ್ತುತ್ತವೆ. ನಮಗೆ ಕಾಣದ ಗಡಿಯಲ್ಲಿ ಅವಕ್ಕೆ ಪುಕ್ಕಟೆ ಸವಾರಿ. ಒಂದೆರಡು ಮೋಡವೂ ಕಟ್ಟೀತು. ಮಳೆ? ಚಳಿಗಾಲದ ಒಣಗಾಳಿಯಲ್ಲಿ ಅಷ್ಟು ತೇವ ಎಲ್ಲಿಂದ ಬರಬೇಕು.

*

ಎರಡು ಗಾಳಿಗಳ ನಡುವಿನ ಗೆರೆಗೆ ‘ಫ್ರಂಟ್’ ಎಂದವರು ನಾರ್ವೆಯ ಬರ್ಗೆನ್‌ನ ಹವಾಮಾನ ತಜ್ಞರು, ಮೊದಲ ಮಹಾಯುದ್ಧ ಮುಗಿದ ಹೊಸತರಲ್ಲಿ. ಸೇನೆಗಳು ಎದುರುಬದುರು ನಿಂತ ಗೆರೆ ಆಗ ಎಲ್ಲರ ಕಣ್ಣಲ್ಲಿತ್ತು. ನಮ್ಮವರು ಹೆಸರಿಟ್ಟಿದ್ದರೆ ‘ಅಳಿವೆ’ ಎನ್ನುತ್ತಿದ್ದರೇನೋ. ಹೊಳೆ ಕಡಲು ಸೇರುವಲ್ಲಿಯೂ ಭಾರದ ಉಪ್ಪುನೀರು ಸಿಹಿನೀರಿನ ಅಡಿಯಿಂದಲೇ ಒಳಬರುವುದು. ಯುದ್ಧಕ್ಕಿಂತ ಈ ಹೋಲಿಕೆ ನನಗೆ ಹೆಚ್ಚು ಸರಿಯೆನಿಸುತ್ತದೆ.

*

ಮೂಡುಗಾಳಿ ಜೋರಿದ್ದ ದಿನ ಗಡಿ ನೀರಿನ ಮೇಲೆಯೇ ನಿಂತುಬಿಡುತ್ತದೆ. ಊಟದ ಹೊತ್ತು ಮೀರಿದರೂ ತಂಪಿಲ್ಲ. ಹೊನ್ನಾವರದ ಹೆಸರು ಪತ್ರಿಕೆಯಲ್ಲಿ ಬರುವುದು ಇಂಥ ದಿನದ ಮರುದಿನ.

*

ಕಡಲಗಾಳಿ ಬಂದಾಗ ಮಾತ್ರ ಒಮ್ಮೆಲೇ. ಹಗ್ಗದ ಮೇಲಿನ ಬಟ್ಟೆ ಮಗ್ಗುಲು ಬದಲಿಸಿತು, ತುಟಿಗೆ ತುಸು ಉಪ್ಪು. ಅಂಗಳದಲ್ಲಿ ಅಡಿಕೆ ಹರವುತ್ತಿದ್ದ ಚಿಕ್ಕಮ್ಮ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು, ತಲೆಯೆತ್ತದೆಯೇ, “ಹಾಂ, ಈಗ ಬಂತು” ಎಂದರು.