ಹಂಚಿ ಉಂಡವರ ಆಯುಷ್ಯ

ನಾಡು ಮೊದಲು ಸಿರಿವಂತವಾಗಲಿ, ಜನರ ಆರೋಗ್ಯ ತಾನಾಗಿಯೇ ಸುಧಾರಿಸುತ್ತದೆ ಎಂಬ ಮಾತನ್ನು ನಾವೆಲ್ಲರೂ ಕೇಳಿದ್ದೇವೆ. ಮೇಲ್ನೋಟಕ್ಕೆ ಅದು ವಿವೇಕದ ಮಾತಿನಂತೆಯೇ ತೋರುತ್ತದೆ. ಆದರೆ 1998ರಲ್ಲಿ ನೊಬೆಲ್ ಪುರಸ್ಕಾರ ಪಡೆದ ಅರ್ಥಶಾಸ್ತ್ರದ ಪ್ರಾಧ್ಯಾಪಕ ಅಮರ್ತ್ಯ ಸೇನ್ ಅವರು ಅದನ್ನು ಇತಿಹಾಸದ ಒರೆಗೆ ಹಚ್ಚಿ ನೋಡಿದರು.

ಇಪ್ಪತ್ತನೆಯ ಶತಮಾನದ ಮೊದಲ ಆರು ದಶಕಗಳಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್ ಜನರ ಸರಾಸರಿ ಆಯುಷ್ಯ ಏರುತ್ತಲೇ ಹೋಯಿತು. ನಾಲ್ಕು ದಶಕಗಳಲ್ಲಿ ಆ ಏರಿಕೆ ಸುಮಾರು 1ರಿಂದ 4 ವರ್ಷಗಳಷ್ಟೇ. ಉಳಿದೆರಡರಲ್ಲಿ 6 ವರ್ಷಗಳಿಗೂ ಹೆಚ್ಚು. ಆ ಎರಡು ಯಾವುವು ಬಲ್ಲಿರಾ? ಮಹಾಯುದ್ಧಗಳು ನಡೆದ ದಶಕಗಳು! ಎರಡನೆಯ ಯುದ್ಧಕಾಲದಲ್ಲಿ ತಲೆಗೆ ದೊರೆಯುವ ಆಹಾರ ಕುಗ್ಗಿತ್ತು; ಆದರೂ ತೀವ್ರ ಅಪೌಷ್ಟಿಕತೆ ಬಹುಮಟ್ಟಿಗೆ ಮರೆಯಾಯಿತು. 1940ರಲ್ಲಿ ಪಡಿತರ ಜಾರಿಗೆ ಬಂತು. ಗರ್ಭಿಣಿಯರಿಗೂ ಐದು ವರ್ಷದೊಳಗಿನ ಮಕ್ಕಳಿಗೂ ಹಾಲು ಅಗ್ಗವಾಗಿ, ಬಡವರಿಗೆ ಉಚಿತವಾಗಿ ಸಿಕ್ಕಿತು. 1948ರಲ್ಲಿ ಎಲ್ಲರಿಗೂ ಉಚಿತ ಚಿಕಿತ್ಸೆ ನೀಡುವ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾಯಿತು. ಇದ್ದದ್ದು ಕಡಿಮೆಯೇ, ಆದರೆ ಅದು ಎಲ್ಲರಿಗೂ ತಲುಪಿತು.

ಅದೇ ಯುದ್ಧದ ನಡುವೆ, ಅದೇ ಸಾಮ್ರಾಜ್ಯದ ಆಳ್ವಿಕೆಯಲ್ಲಿದ್ದ ಬಂಗಾಳದಲ್ಲಿ, 1943ರ ಕ್ಷಾಮಕ್ಕೆ ಅಂದಾಜು 20ರಿಂದ 30 ಲಕ್ಷ ಜನ ಬಲಿಯಾದರು. ಶಾಂತಿನಿಕೇತನದಲ್ಲಿದ್ದ ಒಂಬತ್ತು ವರ್ಷದ ಬಾಲಕ ಸೇನ್, ಹಸಿದು ಬಂದವರಿಗೆ ಸಿಗರೇಟಿನ ಡಬ್ಬಿಯಲ್ಲಿ ಅಕ್ಕಿ ಅಳೆದು ಕೊಟ್ಟಿದ್ದ. ಆ ಸಾವುಗಳಿಗೆ ಅಕ್ಕಿಯ ಕೊರತೆಗಿಂತ, ಏರಿದ ಬೆಲೆಗೆ ಕೂಲಿಕಾರರ ಗಳಿಕೆ ಸಾಲದೇ ಹೋದದ್ದೇ ಮುಖ್ಯ ಕಾರಣವೆಂದು 1981ರ ತಮ್ಮ ಗ್ರಂಥದಲ್ಲಿ ಅವರು ವಾದಿಸಿದರು.

ಆರ್ಥಿಕ ಬೆಳವಣಿಗೆ ಬೇಡವೆಂದು ಸೇನ್ ಹೇಳುವುದಿಲ್ಲ. ಬೆಳೆದ ಸಂಪತ್ತು ಬಡವರ ಕೈ ಸೇರಬೇಕು, ಸಾರ್ವಜನಿಕ ಆರೋಗ್ಯಕ್ಕೆ ವಿನಿಯೋಗವಾಗಬೇಕು ಎಂಬುದೇ ಅವರ ಆಗ್ರಹ. ಬಡ ದೇಶಕ್ಕೆ ಅದರ ಶಕ್ತಿಯಿಲ್ಲ ಎಂಬ ವಾದಕ್ಕೂ ಅವರಲ್ಲಿ ಉತ್ತರವುಂಟು: ಪ್ರಾಥಮಿಕ ಆರೋಗ್ಯ ಸೇವೆ ಬಹುಪಾಲು ಮನುಷ್ಯರ ದುಡಿಮೆಯಿಂದ ನಡೆಯುವಂಥದ್ದು, ಸಂಬಳ ಕಡಿಮೆಯಿರುವ ದೇಶದಲ್ಲಿ ಅದರ ವೆಚ್ಚವೂ ಕಡಿಮೆ. ಹೀಗಿರುವಾಗ 'ಹಣವಿಲ್ಲ' ಎಂಬುದು ಎಷ್ಟೋ ಸಲ ಮನಸ್ಸಿಲ್ಲ ಎಂಬುದರ ಇನ್ನೊಂದು ಹೆಸರು.

ಬಾಂಬಿನ ಭಯ ಆ ದ್ವೀಪದ ಜನರಿಗೆ ಹಂಚಿಕೊಳ್ಳುವುದನ್ನು ಕಲಿಸಿತು. ಆದರೆ ಆ ಪಾಠ ಕಡಲು ದಾಟಿ ಬಂಗಾಳಕ್ಕೆ ಬರಲಿಲ್ಲ. ಏಕೆಂದರೆ ಅಲ್ಲಿ ಹಸಿದವರನ್ನು ಆಳುವವರು ತಮ್ಮವರೆಂದು ಎಣಿಸಲಿಲ್ಲ. ನಮ್ಮ ನೆರೆಯವರು ಯಾರು ಎಂಬ ಹಳೆಯ ಪ್ರಶ್ನೆ ಅರ್ಥಶಾಸ್ತ್ರದ ಬಾಗಿಲಲ್ಲೂ ನಿಂತಿದೆ, ನಮ್ಮ ಮನೆಬಾಗಿಲಲ್ಲೂ. ಪಾತ್ರೆ ತೊಳೆಯಲು ಬರುವ ಹೆಣ್ಣುಮಗಳು ಜ್ವರದಿಂದ ಮಲಗಿದ ದಿನ, ನಾವು ಅವಳ ಕೂಲಿ ಕಡಿಯುತ್ತೇವೆಯೋ, ಔಷಧಿ ಸಿಕ್ಕಿತೇ ಎಂದು ವಿಚಾರಿಸುತ್ತೇವೆಯೋ? ಇಂದು ರಾತ್ರಿ ಊಟಕ್ಕೆ ಕುಳಿತಾಗ ಮಕ್ಕಳೊಡನೆ ಇದನ್ನೊಮ್ಮೆ ಮಾತಾಡಿ ನೋಡಿರಿ.